ಮುಂದಿನ ಗಾಲಿಯ ಹವಾ

ಯಾವುದನ್ನೇ ಆಗಲಿ, ಒಂದು ಸಲ ಬಡಿದು ನೋಡದೆ ಶೇಖಪ್ಪನಿಗೆ ನಂಬಿಕೆ ಬರುತ್ತಿರಲಿಲ್ಲ. ಸಂತೆಯಲ್ಲಿ ಕಲ್ಲಂಗಡಿ ಬಡಿಯುವುದು ಎಲ್ಲರೂ ಮಾಡುವುದೇ. ಇವನು ಗ್ಯಾಸ್ ಸಿಲಿಂಡರ್ ಬಡಿದು ಇನ್ನೆಷ್ಟು ದಿನದ ಅಡಿಗೆ ಎಂದು ಹೇಳುತ್ತಿದ್ದ, ನೀರಿನ ಟಾಕಿ ಬಡಿದು ಎಷ್ಟು ಕೊಡ ಉಳಿದಿದೆ ಎಂದು ಹೇಳುತ್ತಿದ್ದ, ಗೋಡೆ ಬಡಿದು ಒಳಗೆ ಗೆದ್ದಲು ಇದೆಯೋ ಇಲ್ಲವೋ ಎಂದು ಹೇಳುತ್ತಿದ್ದ. "ನನ್ನ ತಲೀನೂ ಒಮ್ಮೆ ಬಡದು ನೋಡ್ರಿ, ಒಳಗ ಏನರ ಉಳದೈತೇನು" ಎಂದು ಅವನ ಹೆಂಡತಿ ಮಾಲವ್ವ ಅನ್ನುತ್ತಿದ್ದಳು. ಅವನು ನಗುತ್ತಿರಲಿಲ್ಲ. ಅವನ ಮಟ್ಟಿಗೆ ಅದು ತಮಾಷೆಯ ವಿಷಯವಲ್ಲ, ಕಸುಬು.

ದಾಂಡೇಲಿಯ ಕಾಗದದ ಗಿರಣಿಯಲ್ಲಿ ಅವನು ಮೂವತ್ತೊಂದು ವರ್ಷ ರಿವೈಂಡರ್ ಮೇಲಿದ್ದ. ದೊಡ್ಡ ಸುರುಳಿಯ ಕಾಗದವನ್ನು ಕತ್ತರಿಸಿ ಸಣ್ಣ ಸುರುಳಿ ಸುತ್ತುವ ಯಂತ್ರ ಅದು. ಸುತ್ತು ಒಂದು ಕಡೆ ಬಿಗಿ, ಒಂದು ಕಡೆ ಸಡಿಲಾದರೆ ಆ ಕಾಗದ ಮುಂದೆ ಯಾವುದೋ ಊರಿನ ಛಾಪಖಾನೆಯಲ್ಲಿ ಹರಿಯುತ್ತದೆ. ಹಾಗಾಗಿ ಸುರುಳಿ ಹೊರಬೀಳುತ್ತಲೇ ಶೇಖಪ್ಪ ಒಂದೂವರೆ ಗೇಣಿನ ಪೇರಲ ಕೋಲು ಹಿಡಿದು ಈ ತುದಿಯಿಂದ ಆ ತುದಿಯವರೆಗೆ ಬಡಿಯುತ್ತ ನಡೆಯುತ್ತಿದ್ದ. ಬಿಗಿ ಇದ್ದಲ್ಲಿ ಠಣ್, ಸಡಿಲಿದ್ದಲ್ಲಿ ಧಬ್. ಯಂತ್ರ ಅಷ್ಟೆಲ್ಲ ಅಬ್ಬರಿಸುತ್ತಿದ್ದರೂ ಆ ಎರಡು ದನಿಗಳ ನಡುವಿನ ಕೂದಲಿನಷ್ಟು ಅಂತರ ಅವನಿಗೆ ಸಿಗುತ್ತಿತ್ತು. ಕಿವಿಗೆ ತುರುಕಿಕೊಳ್ಳಲು ಹಳದಿ ಸ್ಪಂಜಿನ ಬಿರಡೆ ಕೊಟ್ಟಿದ್ದರು. ಎಲ್ಲರಿಗೂ ಕೊಟ್ಟಿದ್ದರು. ಸಾಹೇಬರು ಬಂದಾಗ ತುರುಕಿಕೊಂಡು, ಅವರು ಬೆನ್ನು ತಿರುಗಿಸಿದೊಡನೆ ಕಿತ್ತು ಅಂಗಿಯ ಕಿಸೆಗೆ ಹಾಕುತ್ತಿದ್ದ. ಅದನ್ನು ಹಾಕಿಕೊಂಡು ರೋಲ್ ನೋಡುವುದೆಂದರೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಸಂತೆ ಮಾಡಿದ ಹಾಗೆ, ಅನ್ನುತ್ತಿದ್ದ.

ಗಾಲಿಯ ಕೆಲಸ ಶುರುವಾದದ್ದೂ ಅಲ್ಲೇ. ಆಗ ಶಿಫ್ಟಿನವರೆಲ್ಲ ಸೈಕಲ್ಲಿನಲ್ಲೇ ಬರುತ್ತಿದ್ದರು. ಯಾರ ಗಾಲಿ ಓಲಾಡಿದರೂ ಶೇಖಪ್ಪನ ಅಂಗಳಕ್ಕೆ ಬರುತ್ತಿತ್ತು. ಸ್ಪೋಕು ಬಿಗಿದು, ಔಟ್ ತೆಗೆದು ನೆಟ್ಟಗೆ ಮಾಡಿ, ಹವಾ ಹೊಡೆದು, ಕೊನೆಗೆ ಅದೇ ಕೋಲಿನಿಂದ ಟಾಯರನ್ನು ಮೆಲ್ಲಗೆ ಬಡಿದು "ಎಪ್ಪತ್ತೆರಡು" ಎನ್ನುತ್ತಿದ್ದ. ನಂಬದವರು ಹವಾ ಅಳೆಯುವ ಮೀಟರು ಹಚ್ಚಿ ನೋಡಿದರೆ ಮುಳ್ಳು ಎಪ್ಪತ್ತೆರಡರಲ್ಲೇ ನಿಂತಿರುತ್ತಿತ್ತು. ಒಬ್ಬರಾದ ಮೇಲೆ ಒಬ್ಬರು ಪರೀಕ್ಷೆ ಮಾಡಿ ಸೋತು, ಕ್ರಮೇಣ ಯಾರೂ ಪರೀಕ್ಷೆ ಮಾಡದಾದರು. ಅವನ ಮನೆಯ ಪಂಪಿನ ಮೀಟರು ಒಡೆದು ಎಷ್ಟೋ ವರ್ಷವಾಗಿತ್ತು. ಅದನ್ನು ರಿಪೇರಿ ಮಾಡಿಸಬೇಕು ಅಂತ ಅವನಿಗೆ ಅನಿಸಿರಲೇ ಇಲ್ಲ.

ಮಗಳು ಅನ್ನಪೂರ್ಣಾ ಹನ್ನೆರಡನೆಯ ವಯಸ್ಸಿಗೆ ಸೈಕಲ್ ರೇಸಿಗೆ ಬಿದ್ದಾಗ ಇಡೀ ಕಾಲೊನಿಯಲ್ಲಿ ಬೆನ್ನು ತಟ್ಟಿದವನು ಇವನೊಬ್ಬ. ಕಣ್ಣು ಮುಚ್ಚಿ ಕೂಡಿಸಿ, ಟಾಯರ್ ಬಡಿದು, ಎಷ್ಟು ಹವಾ ಹೇಳು ಎಂದು ಆಟ ಆಡಿಸುತ್ತಿದ್ದ. ಹದಿನಾಲ್ಕು ತುಂಬುವಷ್ಟರಲ್ಲಿ ಅವಳಿಗೂ ಅದು ಬಂದಿತ್ತು. ಅಪ್ಪನಷ್ಟು ಅಲ್ಲ, ಐದಾರು ಆಚೀಚೆ.

ಈಗ ಆ ಆಟವೂ ಇಲ್ಲ, ರೇಸೂ ಇಲ್ಲ. ಎರಡು ವರ್ಷದ ಹಿಂದೆ ಜೋಯಿಡಾ ಕಡೆಯಿಂದ ಇಳಿಯುವ ರಸ್ತೆಯ ತಿರುವಿನಲ್ಲಿ ಅನ್ನಪೂರ್ಣಾ ಬಿದ್ದಳು. ಎಡಗೈಯ ಎರಡು ಎಲುಬು, ಭುಜದ ಒಂದು ಎಲುಬು ಮುರಿದವು. ಧಾರವಾಡದ ಆಸ್ಪತ್ರೆಯಲ್ಲಿ, ಅವಳಿಗೆ ತರಬೇತಿ ಕೊಡುತ್ತಿದ್ದ ಹಳಿಯಾಳದ ಉದಯಕುಮಾರ ಸರ್, ಜೊತೆಗೆ ಓಡಿಸುತ್ತಿದ್ದ ನಾಲ್ಕು ಹುಡುಗಿಯರು, ಒಬ್ಬ ನರ್ಸಮ್ಮ, ಇಷ್ಟು ಜನರ ಎದುರಿಗೆ ಶೇಖಪ್ಪ ಮಗಳನ್ನು ಬೈದಿದ್ದ. "ತಿರುವಿನ್ಯಾಗ ಮುಂದಿನ ಬ್ರೇಕ್ ಹಿಡೀಬ್ಯಾಡ ಅಂತ ಹತ್ತ ವರ್ಷದಿಂದ ಬಡಕೊಂಡೆ. ಹೆದರಿದಿ ನೀ. ಹೆದರಾಕಿ ರೇಸಿಗೆ ಯಾಕ ಹೋಗಬೇಕು?" ಅವಳು ಸೀಲಿಂಗ್ ನೋಡುತ್ತ, "ಹೌದಪ್ಪಾ, ಹಿಡದೆ" ಎಂದಿದ್ದಳು.

ಆರು ತಿಂಗಳಿಗೆ ಮತ್ತೆ ಓಡಿಸಬಹುದು ಎಂದು ಡಾಕ್ಟರು ಹೇಳಿದ್ದರು. ಅವಳು ಓಡಿಸಲಿಲ್ಲ. ಹಳಿಯಾಳದ ಗೊಬ್ಬರದ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸ ಹಿಡಿದಳು. ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುತ್ತಿದ್ದಳು. ಹೋದ ಡಿಸೆಂಬರಿನ ರಾಜ್ಯ ತಂಡದ ಆಯ್ಕೆಗೆ ಅವಳ ವಯಸ್ಸು ಕೊನೆಯ ಸಲ ಕೂಡುತ್ತಿತ್ತು. ಆ ಭಾನುವಾರ ಅವಳು ಮನೆಯ ಮಾಡಿನ ಜೇಡರ ಬಲೆ ತೆಗೆದಳು. ಮಾಲವ್ವನಿಗೆ ಒಳಗೊಳಗೇ ಸಮಾಧಾನವಾಗಿತ್ತು. ಶೇಖಪ್ಪನಿಗೆ ಆಗಿರಲಿಲ್ಲ. ಮಗಳಿಗೆ ಎದೆಗಾರಿಕೆ ಸಾಲಲಿಲ್ಲವಲ್ಲ ಎಂಬ ಒಂದು ಸಣ್ಣ ಕಹಿ, ಹಲ್ಲಿನ ಸಂದಿಯಲ್ಲಿ ಸಿಕ್ಕ ಎಳೆಯಂತೆ, ಅವನಲ್ಲಿ ಉಳಿದುಬಿಟ್ಟಿತ್ತು.

ಈ ಸಲ ಆಯ್ಕೆಗೆ ಹೊರಟವಳು ತುಳಜಾ. ಮುಂಡಗೋಡ ತಾಲೂಕಿನ ಪಾಳಾದ ಹತ್ತಿರದ ತಾಂಡಾದವಳು, ಹತ್ತೊಂಬತ್ತರ ಹುಡುಗಿ, ಈಗ ಹಳಿಯಾಳದಲ್ಲಿ ಅದೇ ಸರ್ ಹತ್ತಿರ ತಾಲೀಮು ಮಾಡುತ್ತಿದ್ದಳು. ಅವಳ ಅಪ್ಪ ಗೇಮಪ್ಪ ಗೋವಿನಜೋಳದ ಹೊಲದಲ್ಲಿ ದುಡಿಯುವವನು. ಅವಳ ಗಾಲಿ ಹಳೆಯವು, ಭಾರ. "ನನ್ನ ಗಾಲಿ ಒಯ್ಯಿ, ಸುಮ್ನ ಗ್ವಾಡಿಗೆ ತೂಗು ಹಾಕೇವಿ" ಎಂದು ಅನ್ನಪೂರ್ಣಾಳೇ ಫೋನಿನಲ್ಲಿ ಹೇಳಿದ್ದಳು. ಬಿದ್ದ ದಿನ ಮುಂದಿನ ಗಾಲಿಯ ರಿಮ್ ಸೊಟ್ಟಗಾಗಿ ಟಾಯರು ಪೂರಾ ಹೊರಬಂದಿತ್ತು. ಬಿದ್ದ ಪೆಟ್ಟಿಗೆ ಬಂದಿದೆ ಎಂದುಕೊಂಡಿದ್ದರು ಎಲ್ಲರೂ. ಶೇಖಪ್ಪ ಅದೇ ಜಾತಿಯ ಹೊಸ ರಿಮ್ ತರಿಸಿ ಸ್ಪೋಕು ಕೂಡಿಸಿ ಇಟ್ಟಿದ್ದ. ಎರಡು ವರ್ಷ ಅದರ ಮೇಲೆ ಯಾರೂ ಕೂತಿರಲಿಲ್ಲ.

ಶನಿವಾರ ಮುಂಜಾನೆ ತುಳಜಾ ಹೆಗಲಿಗೆ ನಾಲ್ಕು ಟಾಯರ್ ಹಾಕಿಕೊಂಡು, ಕೈಯಲ್ಲಿ ಒಂದು ಪಂಪ್ ಹಿಡಿದು ಬಂದಳು.

"ಕಂಡಕ್ಟರ್ ಏನಂದ ಗೊತ್ತೇನ್ರಿ ಕಾಕಾ? ಟಾಯರ್ ತಗೊಂಡ ಬಸ್ ಹತ್ತೀದಿ, ನಮ್ಮ ಬಸ್ಸಿನ ಮ್ಯಾಲೆ ನಂಬಿಕಿ ಇಲ್ಲೇನು ಅಂದ."

"ಅಂವಗ ಹೇಳಬೇಕಿತ್ತು, ನಿಮ್ಮ ಬಸ್ಸಿಗೆ ಇವು ಸಾಲೂದಿಲ್ಲ ಅಂತ" ಎಂದ ಶೇಖಪ್ಪ. ಅವಳು ಕಂಡಕ್ಟರನ ಮಾತನ್ನು ಎರಡನೇ ಸಲ ಜೋರಾಗಿ ಹೇಳಿದ ಮೇಲೆ ಹಾಗೆಂದ. ಈಗಿನ ಹುಡುಗರು ಬಾಯೊಳಗೇ ಮಾತಾಡುತ್ತಾರೆ ಎಂಬುದು ಅವನ ಬಹಳ ದಿನದ ದೂರು.

ಮಾಲವ್ವ ಚಹಾ ತಂದಳು. ಅನ್ನಪೂರ್ಣಾ ಹೊರಗೆ ಬಂದು ತುಳಜಾಳ ಬೆನ್ನ ಮೇಲೊಂದು ಗುದ್ದು ಕೊಟ್ಟು, "ಏನಲೇ, ಮತ್ತ ಸಣ್ಣಾಗೀಯಲ್ಲ" ಎಂದು ನಕ್ಕು, ಗಾಲಿಗಳ ಕಡೆ ನೋಡದೆ ರೊಟ್ಟಿ ಬಡಿಯಲು ಒಳಗೆ ಹೋದಳು.

ಶೇಖಪ್ಪ ಅನ್ನಪೂರ್ಣಾಳ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ ಮುಂದಿನ ಗಾಲಿ ಕೂಡಿಸಿದ. ಫೋರ್ಕಿಗೆ ಒಂದು ಬೆಂಕಿಕಡ್ಡಿಯನ್ನು ದಾರದಿಂದ ಕಟ್ಟಿ, ಅದರ ತುದಿ ರಿಮ್ಮಿಗೆ ತಾಗಿಯೂ ತಾಗದ ಹಾಗೆ ಇಟ್ಟು ಗಾಲಿ ತಿರುಗಿಸಿದ. ರಿಮ್ ಎಲ್ಲಿ ಕಡ್ಡಿಯನ್ನು ಮುಟ್ಟುತ್ತದೋ ಅಲ್ಲಿ ಒಂದು ಸ್ಪೋಕು ಕಾಲು ತಿರುವು ಬಿಗಿ, ಎದುರಿನದು ಕಾಲು ತಿರುವು ಸಡಿಲು. ಕಣ್ಣು, ಬೆರಳು ಎರಡೂ ಇನ್ನೂ ಮೊದಲಿನಂತೆಯೇ ಇದ್ದವು. ಹತ್ತು ನಿಮಿಷದಲ್ಲಿ ಗಾಲಿ ನಿಂತಿದೆಯೋ ತಿರುಗುತ್ತಿದೆಯೋ ತಿಳಿಯದಷ್ಟು ನೆಟ್ಟಗಾಯಿತು. ತುಳಜಾ ಬಾಯಿ ತೆರೆದು ನೋಡುತ್ತಿದ್ದಳು.

"ಟಾಯರ್ ಯಾವು ಹಾಕೂಣ್ರಿ ಕಾಕಾ? ಇಪ್ಪತ್ತೈದರೂ ತಂದೇನಿ, ಇಪ್ಪತ್ತೆಂಟರೂ ತಂದೇನಿ. ಸಣ್ಣೂ ಹಾಕಿದ್ರ ಜೋರ ಓಡತೈತಿ ಅಂತಾರ ನಮ್ಮ ಹುಡುಗ್ಯಾರು."

"ಸಣ್ಣೂ ಹಾಕಿದ್ರ ಜೋರ ಬೀಳತೈತಿ. ಎಂಥಾ ರಸ್ತೆದಾಗ ಓಡಸಾಕಿ ನೀ? ಕಬ್ಬಿನ ಟ್ರ್ಯಾಕ್ಟರ್ ಓಡ್ಯಾಡಿ ಓಡ್ಯಾಡಿ ಹಳಿಯಾಳ ರಸ್ತೆ ತುಂಬ ರವದಿ ಗರಿ, ಮಣ್ಣು. ನಾಳೆ ಆಯ್ಕಿ ರಸ್ತೆ ಚಲೋ ಐತಿ ಅಂದ್ರೂ, ದಿನಾ ತಾಲೀಮು ಇಲ್ಲೇ ಹೌದಲ್ಲ? ಅಗಲಂದು ಹಾಕು. ನೆಲ ಹಿಡಿಯೂದು ಟಾಯರು, ನಿನ್ನ ಕಾಲಲ್ಲ."

"ಮತ್ತ ಸರ್ ಅಂದ್ರು, ಈ ರಿಮ್ಮಿಗೆ ಎಪ್ಪತ್ತರ ಮ್ಯಾಲೆ ಹವಾ ಹೊಡಿಬಾರದಂತ. ಅಂಚಿನ್ಯಾಗ ಕೊಂಡಿ ಇಲ್ಲಂತ, ಟಾಯರ್ ಹಾರತೈತಂತ."

"ಅದನ್ನ ನಂಗೂ ಹೇಳ್ಯಾರ ನಿಮ್ಮ ಸರ್. ಗೊತ್ತೈತಿ ನಡಿ."

ಟ್ಯೂಬಿಗೆ ಪೌಡರ್ ಸವರಿ, ಟಾಯರಿನ ಹೆಸರು ವಾಲ್ವಿನ ನೇರಕ್ಕೆ ಬರುವಂತೆ ಹಿಡಿದು, ಟಾಯರ್ ಎಬ್ಬಿಸುವ ಚಮಚೆ ಗಿಮಚೆ ಏನೂ ಮುಟ್ಟದೆ ಬರೀ ಹೆಬ್ಬೆರಳಿನಿಂದ ಸುತ್ತ ಒತ್ತುತ್ತ ಹೋಗಿ ರಿಮ್ಮಿನೊಳಗೆ ಇಳಿಸಿದ. ತುಳಜಾ ಪಂಪ್ ಹಚ್ಚಿದಳು. ಟಿಬೆಟನ್ ಕಾಲೊನಿಯ ಅಂಗಡಿಯವನೊಬ್ಬ ಅವಳಿಗೆ ಕೊಟ್ಟ ಹೊಸ ಪಂಪು, ಬುಡದಲ್ಲಿ ಬಟ್ಟಲಗಲದ ಮೀಟರು. ಶೇಖಪ್ಪ ಮೀಟರಿನತ್ತ ತಿರುಗಿಯೂ ನೋಡದೆ ಗೋಡೆಯ ಗೂಡಿನಿಂದ ಕೋಲು ತೆಗೆದುಕೊಂಡು ಬಡಿದ.

ಧಬ್ ಎಂದಿತು, ಅವನ ಕಿವಿಗೆ.

"ಐವತ್ತು. ಹೊಡಿ."

ತುಳಜಾ ಹೊಡೆದಳು. ಅವನು ಬಡಿದ. ಧಬ್.

"ಐವತ್ತೈದು. ಇನ್ನೂ ಹೊಡಿ."

"ಕಾಕಾ, ಇಲ್ಲಿ ಎಂಬತ್ತ ತೋರಸಾಕತ್ತೈತ್ರಿ."

"ಹೊಸಾ ಪಂಪ್ ಅದು, ಸುಳ್ಳ ಹೇಳತೈತಿ. ನಾ ಮೂವತ್ತೊಂದ ವರ್ಷ ಬಡದೀನಿ. ಹೊಡಿ."

ಅವಳು ಹಿಂಜರಿಯುತ್ತ ಎರಡು ಸಲ ಒತ್ತಿದಳು. ಅವನು ಕೋಲು ಎತ್ತಿ ಬಡಿದ, ಸ್ವಲ್ಪ ಜೋರಾಗಿಯೇ. ದನಿ ಮತ್ತೆ ಮಂಕಾಗಿ ಬಂತು. ಯಾರೋ ನಡುವೆ ಕಂಬಳಿ ಹಿಡಿದ ಹಾಗೆ.

"ಅರವತ್ತು" ಎಂದ.

"ಅಪ್ಪಾ! ನಿಲ್ಲಸೂ!"

ಅನ್ನಪೂರ್ಣಾ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಪಂಪಿನ ಕೊಳವೆ ಕಿತ್ತೊಗೆದು, ವಾಲ್ವಿನ ತುದಿ ಒತ್ತಿ ಹಿಡಿದಳು. ಹವಾ ಬುಸ್ಸೆಂದು ಹೊರಟಾಗ ಅವಳ ಬೆರಳಿನ ಹಿಟ್ಟು ಹಾರಿತು. "ಕಲ್ಲಾಗೇತಿ ಅದು. ಒಳಗಿಂದ ಕೇಳಸ್ತು ನಂಗ. ಟಿಣ್ ಅನ್ನಾಕತ್ತಿತ್ತು. ನಿಂಗ…"

ಅವಳು ಅಪ್ಪನ ಮುಖ ನೋಡಿದಳು. ತುಳಜಾ ಮೀಟರಿನ ಕಡೆ ನೋಡಿ, ಯಾರೂ ಕೇಳದಿದ್ದರೂ, "ತೊಂಬತ್ತಾರ ಇತ್ತರಿ" ಎಂದಳು.

ಶೇಖಪ್ಪ ಕೋಲನ್ನು ಮಗಳ ಕೈಗೆ ಕೊಟ್ಟ. "ಎಪ್ಪತ್ತ ಮಾಡು. ಬಡಿ."

ಅವಳು ಮೀಟರು ಹಚ್ಚಿ ಎಪ್ಪತ್ತಕ್ಕೆ ತಂದು ಬಡಿದಳು.

"ಈಗ ತೊಂಬತ್ತ ಮಾಡಿ ಬಡಿ."

"ಯಾಕಪ್ಪಾ, ಬಿಡು."

"ಮಾಡಂದೆ."

ತೊಂಬತ್ತಕ್ಕೆ ಏರಿಸಿ ಬಡಿದಳು. ಅವನು ಕುತ್ತಿಗೆ ಚಾಚಿ ಗಾಲಿಯ ಹತ್ತಿರ ಕಿವಿ ತಂದಿದ್ದ. ಎರಡೂ ಒಂದೇ. ಅವಳ ಕೈ ಆಡಿದ್ದು ಕಂಡಿತು, ಟಾಯರು ಕೋಲನ್ನು ಪುಟಿಸಿದ್ದು ಕಂಡಿತು, ತುಳಜಾ ಎರಡನೇ ಸಲ ಹುಬ್ಬೆತ್ತಿದ್ದೂ ಕಂಡಿತು. ದನಿಯ ಮೇಲಿನ ತುದಿ ಮಾತ್ರ ಇರಲಿಲ್ಲ. ಯಾವಾಗಿನಿಂದ ಇಲ್ಲ? ಮನೆಯ ಟಿವಿ, ಸಂತೆಯ ಮಾತು, ಬಾಯೊಳಗೇ ಮಾತಾಡುವ ಹುಡುಗರು, ಎಲ್ಲ ಒಂದೊಂದಾಗಿ ತಲೆಯಲ್ಲಿ ಬಂದು ನಿಂತವು. ಮುಂದೆ ಬಂದದ್ದು ಎರಡು ವರ್ಷದ ಹಿಂದಿನ ಆ ಮುಂಜಾನೆ. ಇದೇ ಅಂಗಳ. ಈ ಜಾತಿಯ ರಿಮ್ ಮೊದಲ ಸಲ ಹಾಕಿಸಿದ ವಾರ. ಅನ್ನಪೂರ್ಣಾ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ ಬಾಗಿಲಲ್ಲಿ ನಿಂತು, "ಸಾಕೇನಪ್ಪಾ?" ಎಂದಿದ್ದಳು. ಅವನು ಬಡಿದು, "ಇನ್ನೂ ಧಬ್ ಅನ್ನಾಕತ್ತೈತಿ, ತಡಿ" ಎಂದು ಮತ್ತೆ ಹತ್ತು ಸಲ ಒತ್ತಿದ್ದ. ಇಳಿಜಾರಿನಲ್ಲಿ ರಿಮ್ ಕಾದಿರಬೇಕು. ತಿರುವಿನಲ್ಲಿ ಟಾಯರ್ ಹಾರಿರಬೇಕು. ಬಿದ್ದದ್ದಕ್ಕೆ ಟಾಯರ್ ಹಾರಿದ್ದಲ್ಲ.

ತುಳಜಾ ಎದ್ದು, "ಅಕ್ಕಾ, ನಾ ಒಳಗ ಕಾಕೂನ ಹತ್ರ ಇರ್ತೇನಿ" ಎಂದಳು. ಆದರೆ ಹೋಗಲಿಲ್ಲ. ಅವಳು ಅಲ್ಲೇ ಕಂಬಕ್ಕೆ ಒರಗಿ ನಿಂತಳು.

"ನೀ ಬ್ರೇಕ್ ಹಿಡದಿದ್ದಿಲ್ಲ" ಎಂದ ಶೇಖಪ್ಪ.

ಅನ್ನಪೂರ್ಣಾ ಬೆರಳಿಗಂಟಿದ ಹಿಟ್ಟನ್ನು ಉಜ್ಜಿ ಉಜ್ಜಿ ಉದುರಿಸುತ್ತಿದ್ದಳು. "ನಂಗ ಬ್ರೇಕ್ ಹಿಡದದ್ದು ನೆನಪ ಇರಲಿಲ್ಲಪ್ಪಾ" ಎಂದಳು. "ಒಂದ ಸಪ್ಪಳ ಆತು, ಆಮ್ಯಾಲೆ ಡಾಂಬರು ಕಂಡ್ತು. ಅಷ್ಟ ನೆನಪು. ದವಾಖಾನಿಯಾಗ ನೀ ಅಂದಿ. ಅಪ್ಪ ಅಂತಾನ ಅಂದ್ರ ಹಿಡದಿರಬೇಕು ಅನಕೊಂಡೆ. ದಿನಾ ಅದನ್ನ ಅನಕೊಂಡು ಅನಕೊಂಡು ಕಡೀಕ ನೆನಪೂ ಬಂತು. ಈ ಎರಡ ಬಟ್ಟು ಹಿಂಗ ಹಿಡದದ್ದು." ಅವಳು ಎರಡು ಬೆರಳು ಮಡಚಿ ತೋರಿಸಿದಳು. "ಕನಸಿನ್ಯಾಗನೂ ಬರತೈತಿ, ಹಿಡದದ್ದು."

"ಪೂರ್ಣಾ…"

"ಹಂಗಾದ್ರ ನಾ ರೇಸ್ ಬಿಡಬೇಕಾಗಿದ್ದಿಲ್ಲ."

ಅವಳು ಅದನ್ನು ಜೋರಾಗಿ ಹೇಳಲಿಲ್ಲ, ಬೈಗುಳದಂತೆಯೂ ಹೇಳಲಿಲ್ಲ. ಒಂದು ಲೆಕ್ಕ ತಪ್ಪಿದ್ದನ್ನು ಈಗ ತಾನೇ ಕಂಡುಕೊಂಡವಳ ಹಾಗೆ ಹೇಳಿದಳು. ಅವಳ ತುಟಿಯನ್ನೇ ನೋಡುತ್ತಿದ್ದ ಅವನಿಗೆ ಅದು ಒಂದಕ್ಷರವೂ ಬಿಡದೆ ತಿಳಿಯಿತು. ಆರು ತಿಂಗಳಿಗೆ ಕೈ ಕೂಡಿತ್ತು. ಹೋದ ಡಿಸೆಂಬರು ಇತ್ತು. ಸೈಕಲ್ಲೂ ಇತ್ತು, ಗಾಲಿಗಳೂ ಇದ್ದವು. ಅವಳು ಹೆದರುವವಳು ಎಂದು ಅವಳಿಗೆ ಹೇಳಿಕೊಟ್ಟವನು ತಾನು. ತಾನು ಹೇಳಿಕೊಟ್ಟದ್ದನ್ನೆಲ್ಲ ಚೆನ್ನಾಗಿ ಕಲಿಯುತ್ತಿದ್ದ ಹುಡುಗಿ ಅವಳು.

ಮಾಲವ್ವ ಬಾಗಿಲಿಗೆ ಬಂದಳು. ಏನಾಗಿದೆ ಎಂದು ಅವಳಿಗೆ ಅರ್ಧ ತಿಳಿದಿತ್ತು. "ಆಗಿದ್ದ ಆಗಿ ಹೋತು. ದೇವರು ಜೀವಾ ಉಳಿಸ್ಯಾನ. ಈಗ ಯಾಕ ಅದನ್ನ ಕೆದಕತೀರಿ?" ಎಂದಳು. "ಆ ಹುಡುಗಿ ಬಸ್ಸಿಗೆ ಹೋಗಬೇಕು. ಉಣ್ಣಾಕ ಏಳ್ರಿ ಎಲ್ಲಾರೂ."

ಅವಳ ಮಾತಿಗೆ ಒಪ್ಪಿಬಿಡುವುದು ಸುಲಭವಿತ್ತು. ಅಂಗಳದಲ್ಲಿ ಇದ್ದವರು ನಾಲ್ಕು ಜನ, ಅದರಲ್ಲಿ ಮೂವರು ಮನೆಯವರು. ತುಳಜಾ ಹೊರಗೆ ಬಾಯಿ ಬಿಡುವವಳಲ್ಲ. ಉಂಡು, ಕೈ ತೊಳೆದು, ಗಾಲಿ ಕಟ್ಟಿಕೊಟ್ಟು ಕಳಿಸಿದರೆ ಶೇಖಪ್ಪನ ಕಿವಿ ಊರಲ್ಲಿ ಮೊದಲಿನಂತೆಯೇ ಇರುತ್ತಿತ್ತು. ಇಂದಿಗೂ ಯಾರಾದರೂ ಹಳೆಯ ಶಿಫ್ಟಿನವರು ಸಿಕ್ಕರೆ, ಆ ಎಪ್ಪತ್ತೆರಡರ ಕತೆ ಹೇಳುತ್ತಿದ್ದರು. ಅದು ಬಿಟ್ಟರೆ ತನ್ನ ಬಗ್ಗೆ ಹೇಳಲು ಯಾರ ಹತ್ತಿರವೂ ಬೇರೆ ಕತೆ ಇರಲಿಲ್ಲವೆಂದು ಅವನಿಗೆ ಗೊತ್ತಿತ್ತು.

ಅವನು ಅಂಗಿಯ ಕಿಸೆಯಿಂದ ಫೋನ್ ತೆಗೆದ.

"ಯಾರಿಗೆ?" ಎಂದಳು ಅನ್ನಪೂರ್ಣಾ.

"ನಿಮ್ಮ ಸರ್‌ಗ."

"ಬ್ಯಾಡಪ್ಪಾ. ಎಲ್ಲಾ ಮುಗದೈತಿ. ಅವರಿಗೆ ಹೇಳಿ ಏನ ಮಾಡಾವ?"

"ಅವರ ಮುಂದನ ಬೈದಿದ್ದೆ" ಎಂದ ಶೇಖಪ್ಪ.

ಆ ಕಡೆ ಫೋನ್ ಎತ್ತಿದ್ದಾರೆ ಎಂದು ಅವನಿಗೆ ಗೊತ್ತಾದದ್ದು ಪರದೆಯ ಮೇಲೆ ಸೆಕೆಂಡು ಎಣಿಸಲು ಶುರುವಾದದ್ದರಿಂದ. ಅವನು ಎದ್ದು ನಿಂತ. ಗಿರಣಿಯಲ್ಲಿ ಸಾಹೇಬರ ಮುಂದೆ ನಿಂತಂತೆ ನಿಂತ.

"ಸರ್, ನಾ ಶೇಖಪ್ಪರೀ, ದಾಂಡೇಲಿಯಿಂದ. ಅನ್ನಪೂರ್ಣಾನ ಅಪ್ಪ. ನೀವ ಏನೂ ಮಾತಾಡಬ್ಯಾಡ್ರಿ ಸರ್, ನಂಗ ಕೇಳಸೂದಿಲ್ಲ. ನಾ ಹೇಳತೇನಿ, ನೀವ ಕೇಳ್ರಿ. ಆಕಿ ಅವತ್ತ ಬ್ರೇಕ್ ಹಿಡದಿದ್ದಿಲ್ಲ. ನಾ ಮುಂದಿನ ಗಾಲಿಗೆ ಹವಾ ಹೆಚ್ಚ ಹೊಡದಿದ್ದೆ. ಎಪ್ಪತ್ತ ಅಂತ ನೀವ ಹೇಳಿದ್ರಿ, ನಾ ಮೀಟರ್ ನೋಡಲಿಲ್ಲ. ನನ್ನ ಕಿವಿ ಹೋಗ್ಯಾವ ಸರ್. ಯಾವಾಗ ಹೋದ್ವೋ ಗೊತ್ತಿಲ್ಲ. ಆಕಿ ಹೆದರಿದ್ದಿಲ್ಲ. ಅವತ್ತ ಅಲ್ಲಿ ನಾಕ ಹುಡುಗ್ಯಾರ ಇದ್ರಲ್ಲ, ಅವರಿಗೂ ಹೇಳ್ರಿ. ಆಕಿ ಹೆದರಿದ್ದಿಲ್ಲ ಅಂತ ಹೇಳ್ರಿ."

ಹೇಳುವುದು ಮುಗಿದ ಮೇಲೂ ಫೋನನ್ನು ಕಿವಿಗೇ ಹಿಡಿದುಕೊಂಡಿದ್ದ. ಅತ್ತಲಿಂದ ಏನೋ ಬರುತ್ತಿತ್ತು, ನೀರಿನಡಿಯಿಂದ ಬಂದಂತೆ. ಮನುಷ್ಯನ ದನಿ ಎಂದು ತಿಳಿಯುತ್ತಿತ್ತು. ಸಿಟ್ಟೋ, ಸಮಾಧಾನವೋ, ಅದು ತಿಳಿಯಲಿಲ್ಲ. ಕೊನೆಗೆ ಫೋನನ್ನು ಮಗಳ ಕಡೆ ಚಾಚಿದ.

ಅನ್ನಪೂರ್ಣಾ ಅದನ್ನು ತೆಗೆದುಕೊಂಡು ನಾಲ್ಕು ಹೆಜ್ಜೆ ಆಚೆ, ತುಳಸಿಕಟ್ಟೆಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತಳು. ಅವಳು ಬಹಳ ಹೊತ್ತು ಕೇಳಿಸಿಕೊಂಡಳು. ಒಂದೆರಡು ಸಲ ತಲೆ ಆಡಿಸಿದಳು. ಒಮ್ಮೆ ಎಡಗೈ ಎತ್ತಿ ಮುಖ ಒರೆಸಿಕೊಂಡಳು. ಮೊಣಕೈ ಈಗಲೂ ಪೂರಾ ನೆಟ್ಟಗಾಗುತ್ತಿರಲಿಲ್ಲ. ಏನೋ ಹೇಳಿದಳು, ಚಿಕ್ಕದಾಗಿ. ಮತ್ತೆ ಕೇಳಿಸಿಕೊಂಡಳು. ಶೇಖಪ್ಪ ಅವಳ ಬೆನ್ನನ್ನೇ ನೋಡುತ್ತಿದ್ದ. ಅದರಿಂದ ಏನೂ ಗೊತ್ತಾಗಲಿಲ್ಲ.

ಅವಳು ವಾಪಸು ಬಂದಾಗ ಕೇಳಿದ, "ಏನಂದ್ರು?"

ಅವಳು ಹೇಳಿದಳು. ಅವನು ಕಣ್ಣು ಕಿರಿದಾಗಿಸಿ ಅವಳ ತುಟಿ ನೋಡಿದ. ಆಗ ಅವಳು ಒಂದು ಹೆಜ್ಜೆ ಹತ್ತಿರ ಬಂದು, ಅವನ ಹೆಗಲ ಮೇಲೆ ಕೈಯಿಟ್ಟು, ಕಿವಿಗೆ ಬಾಯಿ ಹಚ್ಚಿ, ಮುದುಕರೊಂದಿಗೆ ಮಾತಾಡುವ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ತುಳಜಾಗ ತಡಾ ಆಗತೈತಿ, ಗಾಲಿ ಮುಗಸ್ರಿ, ಅಂದ್ರು."

ಅಷ್ಟು ಹೊತ್ತು ಕೇಳಿಸಿಕೊಂಡದ್ದು ಅಷ್ಟೇ ಮಾತಲ್ಲವೆಂದು ಅವನಿಗೆ ತಿಳಿದಿತ್ತು. ಉಳಿದದ್ದನ್ನು ಕೇಳಲಿಲ್ಲ. ಅವಳು ಕೂತು ಹಿಂದಿನ ಗಾಲಿ ಎಳೆದುಕೊಂಡಳು, ಟ್ಯೂಬಿಗೆ ಪೌಡರ್ ಸವರಿದಳು. ಟಾಯರಿನ ಕೊನೆಯ ಗೇಣು ಒಳಗೆ ಇಳಿಯಲು ಅವಳ ಎಡಗೈಗೆ ಬಲ ಸಾಲದಾದಾಗ, ಗಾಲಿಯನ್ನು ಅಪ್ಪನ ಕಡೆ ಸರಿಸಿದಳು. ಅವನು ಹೆಬ್ಬೆರಳು ಊರಿ ಒತ್ತಿದ.